ನಾಲ್ಕು ಖಾನೆಗಳ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಔಷಧಿ ಕೋಣೆ. ಕಿಟಕಿಯಿಲ್ಲ. ಕಪಾಟಿನ ಮುಂದಿರುವ ಐವತ್ತಾರರ ಹೆಂಗಸು ನಾಲ್ಕನೇ ಖಾನೆಗೆ ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಎರಡನೇ ಖಾನೆಯಲ್ಲೊಂದು ಚೀಟಿ ಇದೆ: ಹತ್ತೊಂಬತ್ತನೇ ಹಾಸಿಗೆ, ನಾಲ್ಕೂಮುಕ್ಕಾಲು ಗಂಟೆ. ಈಗ ಬಂದಿರುವ ಬೇಡಿಕೆಯೂ ಅದೇ ಹಾಸಿಗೆಯದು.

ವಾರ್ಡಿನವರಿಗೆ ಇವರು ‘ಖಾನೆ ಅಕ್ಕ’. ಎದೆಬಡಿತ ತಾಳ ತಪ್ಪಿದಾಗ ಕೊಡುವ ಔಷಧಿಗಳನ್ನು ಹೆಸರು ನೋಡಿ ಜೋಡಿಸುವುದಿಲ್ಲ, ಅವು ಮಾಡುವ ಕೆಲಸ ನೋಡಿ ಜೋಡಿಸುತ್ತಾರೆ. “ಒಂದನೇದು ಸೋಡಿಯಂ ತಡೆಯುತ್ತೆ, ಹೃದಯದ ಕರೆಂಟು ನಿಧಾನ ಆಗುತ್ತೆ. ಎರಡನೇದು ಗಾಬರಿಯ ಚಾಟಿಯೇಟು ಬೀಳದ ಹಾಗೆ ನೋಡ್ಕೊಳ್ಳುತ್ತೆ. ಮೂರನೇದು ಪೊಟ್ಯಾಸಿಯಂ ತಡೆದು, ಬಡಿತ ಬಡಿತಕ್ಕೂ ಸುಧಾರಿಸಿಕೊಳ್ಳೋಕೆ ಬಿಡುತ್ತೆ. ನಾಲ್ಕನೇದು ಕ್ಯಾಲ್ಸಿಯಂಗೆ ಅಡ್ಡ ನಿಂತು ಬಡಿತ ಇಳಿಸುತ್ತೆ.” ಮೂರನೇ ಖಾನೆಯ ಡಬ್ಬವೊಂದನ್ನು ತಟ್ಟುತ್ತಾರೆ. “ಇವಳು ಹೆಸರಿಗೆ ಈ ಮನೆಯವಳು. ನಾಲ್ಕೂ ಮನೆ ಕೆಲಸ ಮಾಡ್ತಾಳೆ!”

ಇಂಜೆಕ್ಷನ್ ಯಾವ ಖಾನೆಯಿಂದ ಹೋಯಿತೋ ಅಲ್ಲಿ ಹಾಸಿಗೆಯ ಸಂಖ್ಯೆ, ಗಂಟೆ ಬರೆದ ಚೀಟಿ ಇಡಬೇಕು. ಒಂದು ದಿನ ಕಳೆಯುವವರೆಗೆ ಅದನ್ನು ತೆಗೆಯುವಂತಿಲ್ಲ. ಇದು ಇವರೇ ಮಾಡಿಕೊಂಡ ಕಟ್ಟಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಒಬ್ಬರಿಗೇ ಬೆನ್ನುಬೆನ್ನಿಗೆ ಇವರೇ ಕಳಿಸಿದ್ದರು. ಬಡಿತ ಮೂವತ್ತಕ್ಕಿಳಿಯಿತು. ಆ ರೋಗಿ ಬದುಕಿದರೋ ಇಲ್ಲವೋ, ಕೆಳಗೆ ಯಾರೂ ಬಂದು ಹೇಳಲಿಲ್ಲ. ಕೇಳುವ ಧೈರ್ಯ ಇವರಿಗಿರಲಿಲ್ಲ.

ವಾರ್ಡಿಗೆ ಫೋನ್ ಮಾಡಿ, “ಹತ್ತೊಂಬತ್ತಕ್ಕೆ ನಾಲ್ಕನೇ ಖಾನೆದು ಕೊಡೋ ಹಾಗಿಲ್ಲ” ಎನ್ನುತ್ತಾರೆ. ಆ ಕಡೆಯ ಕಿರಿಯ ವೈದ್ಯರ ದನಿ, ಇವರ ಒಂದು ಪಾಳಿ ನೋಡಲು ಬಂದು ಪಕ್ಕದಲ್ಲಿ ನಿಂತಿರುವ ನನಗೂ ಕೇಳುತ್ತದೆ: “ಏನಮ್ಮ, ಇಲ್ಲಿ ಬಡಿತ ನೂರೈವತ್ತಿದೆ. ಪಾಠ ಮಾಡೋ ಹೊತ್ತಾ ಇದು?”

“ಪಾಠ ಅಲ್ಲ ಡಾಕ್ಟ್ರೇ. ಮುಕ್ಕಾಲು ಗಂಟೆ ಹಿಂದೆ ಎರಡನೇ ಖಾನೆದು ಹೋಗಿದೆ. ಇದೂ ಹೋದ್ರೆ ಬಡಿತ ನಿಂತೇ ಹೋಗ್ಬಹುದು.”

ಆ ಕಡೆ ಚಾರ್ಟಿನ ಹಾಳೆ ಮಗುಚುವ ಸದ್ದು. ಬಳಿಕ, “ಕಳಿಸ್ಬೇಡಿ.” ಫೋನ್ ಕಟ್.

ದಿನಕ್ಕೆ ನೂರನಲವತ್ತು ಬೇಡಿಕೆ. ಬರುವುದು ಗೋಡೆಯ ಕಿಂಡಿಯಿಂದ. ಮುಖ ಕಾಣುವುದಿಲ್ಲ. ಮನೆಯೆಂದರೆ ಒಂದು ಕೋಣೆ, ಒಂದು ತಟ್ಟೆ. “ತಂಗಿಗೆ ಫೋನ್ ಮಾಡಿದ್ರೆ, ‘ಅಕ್ಕ, ಆಮೇಲೆ ಮಾಡ್ತೀನಿ’ ಅಂತಾಳೆ. ಆ ‘ಆಮೇಲೆ’ಗೆ ಈಗ ಮೂರು ವಾರ.”

ಮಧ್ಯಾಹ್ನ ಎರಡರವರೆಗೂ ಮೇಲಿನಿಂದ ಸುದ್ದಿಯಿಲ್ಲ. ಪಾಳಿ ಮುಗಿಸಿ, ಈ ಬಾರಿ ತಾವೇ ಮೆಟ್ಟಿಲು ಹತ್ತುತ್ತಾರೆ. ಹತ್ತೊಂಬತ್ತನೇ ಹಾಸಿಗೆಯ ಅಜ್ಜಿ ದಿಂಬಿಗೊರಗಿ ಕೂತಿದ್ದಾರೆ. “ಇದೇನು ಚಹಾನಾ, ಕೈ ತೊಳೆದ ನೀರಾ?” ಎಂದು ನರ್ಸಿನ ಮೇಲೆ ಹರಿಹಾಯುತ್ತಿದ್ದಾರೆ. ಬಾಗಿಲಲ್ಲಿ ನಿಂತವರನ್ನು ಕಂಡು, “ಯಾರು ಬೇಕಿತ್ತಮ್ಮ?” ಎನ್ನುತ್ತಾರೆ.

“ಯಾರೂ ಇಲ್ಲ, ದಾರಿ ತಪ್ಪಿ ಬಂದೆ.”

ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿಯುತ್ತಾರೆ. “ಎಷ್ಟು ಜೋರಾಗಿ ಜಗಳ ಆಡ್ತಿದ್ರು, ಕೇಳಿಸ್ಕೊಂಡ್ರಾ?”