ಹಂಚಿನ ಸದ್ದು ಕೇಳುತ್ತಿದ್ದವರು

ಅವರ ಬಲಗೈಯ ನಡುಬೆರಳಿನ ಗೆಣ್ಣು ಹಂಚಿನ ಪುಡಿ ಹತ್ತಿ ಸದಾ ಕೆಂಪಗಿರುತ್ತಿತ್ತು. ಅಥವಾ ಎಡಗೈಯದೋ? ಐವತ್ತರ ದಶಕದ ಕೊನೆಯ ಆ ಡಿಸೆಂಬರಿನಲ್ಲಿ ಎಷ್ಟನ್ನು ಕಣ್ಣಾರೆ ಕಂಡೆ, ಎಷ್ಟನ್ನು ಆಮೇಲೆ ಕಟ್ಟಿಕೊಂಡೆ ಎಂದು ಹೇಳಲಾರೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಅತ್ತಾವರದ ನಮ್ಮ ಹಳೆಯ ಮನೆಗೆ ಹಂಚಿನ ಮಾಡು ಹೊದಿಸುತ್ತಿದ್ದವರು ಅವರು. ಮೀನುಗಾರ ಮನೆತನ, ದೋಣಿಯಲ್ಲಿ ತಲೆಸುತ್ತು ಬರುತ್ತದೆಂದು ಮಾಡು ಹತ್ತಿದವರು. ಪ್ರತಿ ಹಂಚನ್ನೂ ಕಿವಿಯ ಬಳಿ ಹಿಡಿದು ಗೆಣ್ಣಿನಿಂದ ಬಡಿಯುತ್ತಿದ್ದರು. ಠಣ್ ಎಂದರೆ ಗಟ್ಟಿ, ಮಾಡಿಗೆ; ಡಬ್ ಎಂದರೆ ಒಡಕು, ಅಂಗಳಕ್ಕೆ.

ಆ ವರ್ಷ ಮಳೆಗಾಲಕ್ಕೆ ಮೊದಲು ಅಡುಗೆಮನೆಯ ಮೇಲೆ ಎರಡು ಸಾಲು ಹೊಸ ಹಂಚು ಹಾಕಿದ್ದರು. ಡಿಸೆಂಬರಿನಲ್ಲಿ ಬೆಳಗ್ಗೆ ಬೆಳಗ್ಗೆ ಅಟ್ಟದಲ್ಲಿ ನೀರು ತೊಟ್ಟಿಕ್ಕತೊಡಗಿತು. ಮಳೆಯ ಸುಳಿವಿಲ್ಲ, ಆದರೂ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಗಳಿಗೆ ಬೂಸಲು. ಒಡಕು ಹಂಚಿನಿಂದ ಇಬ್ಬನಿ ಇಳಿಯುತ್ತಿದೆ ಎಂದು ಶಾಲಾ ಮಾಸ್ತರರಾಗಿದ್ದ ಅಪ್ಪ ತೀರ್ಮಾನಿಸಿದರು. ಮದ್ರಾಸಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ನಾನು ತಲೆಯಾಡಿಸಿದೆ.

ಕರೆಸಿದೆವು. ಅವರು ಅಟ್ಟ ಹತ್ತಿ ಬೀಡಿ ಹಚ್ಚಿದರು.

"ಹೊಗೆ ನೋಡಿ ಮಾಷ್ಟ್ರೇ. ನಿಂತಲ್ಲೇ ಉಂಟು."

"ನೀರು ಎಂತಕ್ಕೆ ಬರುದು, ಅದು ಹೇಳು ಮಾರಾಯ."

"ಕುಚ್ಚಲಕ್ಕಿ ಬೇಯುವ ಹಬೆ ಮೇಲೆ ಬರ್ತದೆ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಚಳಿಗೆ ಹಂಚಿನ ಅಡಿಯಲ್ಲಿ ನೀರಾಗ್ತದೆ. ಕಿಂಡಿಗೆ ತಗಡು ಹೊಡೆದದ್ದು ಯಾರು?"

ಬಾವಲಿಗಳ ಕಾಟಕ್ಕೆ ಆ ದೀಪಾವಳಿಯಲ್ಲಿ ಅಟ್ಟದ ಎರಡೂ ಬದಿಯ ಗಾಳಿಕಿಂಡಿಗಳಿಗೆ ತಗಡು ಹೊಡೆದವರು ಅಪ್ಪ.

"ಒಡಕು ಹಂಚು ಹಾಕಿ ಗಂಜಿಯ ಮೇಲೆ ತಪ್ಪು ಹೊರಿಸುದಾ?"

ಇದನ್ನು ಹೇಳಿದ್ದು ಅಪ್ಪನೋ ನಾನೋ? ನನ್ನ ನೆನಪಿನಲ್ಲಿ ದನಿ ನನ್ನದೇ.

ಅವರು ಬೀಡಿ ಆರಿಸಿದರು. "ಹಂಚು ಇಳಿಸಿ ಬಡಿದು ನೋಡಿ, ಸಣ್ಣ ಮಾಷ್ಟ್ರೇ. ಒಡಕು ಹಾಕುವವ ಅಂತ ಹೆಸರು ಬಂದ್ರೆ ಈ ಬೀದಿಯಲ್ಲಿ ನನ್ನನ್ನು ಯಾರು ಮಾಡು ಹತ್ತಿಸ್ತಾರೆ?"

ನಾವು ಇಳಿಸಲಿಲ್ಲ.

ಮರುದಿನ ಕರೆಯದೆಯೇ ಬಂದರು. ತಗಡು ಕಿತ್ತು, ಮನೆಯಿಂದ ತಂದ ಹಳೆಯ ಮೀನುಬಲೆಯ ತುಂಡುಗಳನ್ನು ಕಿಂಡಿಗಳಿಗೆ ಬಿಗಿದು ಕಟ್ಟಿದರು. "ಬಾವಲಿಗೆ ಬಲೆ, ಗಾಳಿಗೆ ದಾರಿ" ಎಂದು ನಕ್ಕರು. ನಾನು ನಗಲಿಲ್ಲ. ತಪ್ಪಿಲ್ಲದವನು ಕರೆಯದೆ ಏಕೆ ಬರುತ್ತಾನೆ?

ವಾರದೊಳಗೆ ಅಟ್ಟ ಒಣಗಿತು. "ಚಳಿ ಕಡಿಮೆಯಾಯಿತು, ಅಷ್ಟೇ" ಎಂದರು ಅಪ್ಪ. ಒಂದು ಸಲ ಆದದ್ದು ಪುರಾವೆಯಲ್ಲ ಎಂದು ನಾನೂ ದನಿಗೂಡಿಸಿದೆ. ಅಷ್ಟರಲ್ಲಿ ಒಡಕು ಹಂಚಿನ ನಮ್ಮ ಮಾತು ಬೇಲಿ ದಾಟಿತ್ತು. ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಬಂದರಿನಲ್ಲಿ ಮೂಟೆ ಹೊರುತ್ತಿದ್ದಾರೆಂದು ಕೇಳಿದೆ. ಹೋಗಿ ಮಾತಾಡಿಸಲಿಲ್ಲ. ಕೆಲವು ವರ್ಷಗಳ ನಂತರ ತೀರಿಕೊಂಡರೆಂದೂ ಕೇಳಿದೆ.

ಬೀಡಿಯ ಹೊಗೆ ನಿಜಕ್ಕೂ ನಿಂತಿತ್ತೇ, ಅವರು ನಕ್ಕಿದ್ದು ಹೌದೇ, ಇವಕ್ಕೆಲ್ಲ ಸಾಕ್ಷಿಯಿಲ್ಲ. ಆದರೆ ಅವರು ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ನಾನೇ ಮಾಡು ಹತ್ತಿ, ಬಣ್ಣದಿಂದ ಗುರುತು ಸಿಗುತ್ತಿದ್ದ ಆ ಎರಡು ಸಾಲು ಇಳಿಸಿದೆ. ಒಂದೊಂದನ್ನೂ ಕಿವಿಯ ಬಳಿ ಹಿಡಿದು, ಗೆಣ್ಣು ಕೆಂಪಾಗುವವರೆಗೆ ಬಡಿದೆ. ನಲವತ್ತಾರು ಹಂಚು. ನಲವತ್ತಾರೂ ಠಣ್ ಎಂದವು.