ಹನ್ನೊಂದನೆಯ ರುಜು

ಉಮಾಶಂಕರ ಮೇಷ್ಟ್ರು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವರು. ಅವರ ಕೈಯಲ್ಲಿ ಕಲಿತವರು ಬೇರೆ ಏನನ್ನು ಮರೆತರೂ ರಾಷ್ಟ್ರಸಂಘದ ಪಾಠವನ್ನು ಮರೆಯಲಾರರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಇನ್ನು ಜಗಳಗಳನ್ನು ಮಾತಿನಲ್ಲೇ ಬಗೆಹರಿಸೋಣವೆಂದು ದೇಶಗಳು ಸೇರಿ ಕಟ್ಟಿದ ಸಂಘ ಅದು. ಉಳಿದ ಮೇಷ್ಟ್ರುಗಳು ಅದರ ವೈಫಲ್ಯಗಳನ್ನಷ್ಟೇ ಬರೆಸಿ, “ಪರೀಕ್ಷೆಗೆ ಬರೋದು ಇಷ್ಟೇ” ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಇವರು ಮಾತ್ರ ಸಾಧನೆಗಳಿಂದಲೇ ಆರಂಭಿಸುತ್ತಿದ್ದರು. ಸೋತವನ ಒಳ್ಳೆಯತನವನ್ನು ಮೊದಲು ಹೇಳಬೇಕು ಎನ್ನುವುದು ಅವರ ಪದ್ಧತಿ.

ಹೆಂಡತಿ ತೀರಿಕೊಂಡ ಮೇಲೆ ಅವರು ಅಮೆರಿಕಾದ ರೆಡೊಂಡೊ ಬೀಚಿನಲ್ಲಿದ್ದ ಮಗಳು ನಿರುಪಮಾಳ ಮನೆಗೆ ಬಂದರು. ಅದೇ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮಂಜೂರ್ ಸಾಹೇಬರು ಅಷ್ಟರಲ್ಲಾಗಲೇ ಸ್ಯಾನ್ ಡಿಯಾಗೋದಲ್ಲಿ ಮಗಳು ನೌಶೀನಳ ಮನೆ ಸೇರಿದ್ದರು. ಎರಡು ಗಂಟೆಯ ದಾರಿ. ಟ್ರಾಫಿಕ್ ಇದ್ದರೆ ಮೂರು. ಕೊರೊನಾ ಬಂದು ಹೋಗಿಬರುವುದು ನಿಂತಿತು. ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನ್ ಮಾತ್ರ ತಪ್ಪಲಿಲ್ಲ. ಶಾಲೆಯ ಬಾವಿ, ಕಿವುಡ ಜವಾನ, ಹೆಡ್‌ಮಾಸ್ಟರರ ವರ್ಗಾವಣೆಯ ದಿನ ಹಳಸಿದ ಚಿತ್ರಾನ್ನ ಇವೆಲ್ಲ ನೂರು ಸಲ ಬಂದುಹೋಗುತ್ತಿದ್ದವು. ನೂರಾ ಒಂದನೆಯ ಸಲವೂ ಇಬ್ಬರೂ ನಗುತ್ತಿದ್ದರು.

ಎರಡು ಸಾವಿರದ ಇಪ್ಪತ್ತೆರಡರ ಮಾರ್ಚಿನಲ್ಲಿ ಒಂದು ಭಾನುವಾರ ಮೊಮ್ಮಗಳು ನಿಕಿತಾ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು.

“ಸಾಹೇಬ್ರೇ, ನಮ್ಮ ನಿಕಿತಾಗೆ ರಾಷ್ಟ್ರಸಂಘದ ಮೇಲೆ ಎಸ್ಸೇ ಕೊಟ್ಟಿದಾರೆ. ಸ್ಪೀಕರ್‌ಗೆ ಹಾಕಿದೀನಿ, ನೀವೂ ಕೇಳಿಸ್ಕೊಳ್ಳಿ.”

“ಹಾಕ್ರಿ, ಹಾಕ್ರಿ. ಆಲಂಡ್ ದ್ವೀಪದಿಂದ ತಾನೇ ಶುರು? ನಮ್ಮ ಸ್ಟಾಫ್ ರೂಮಿನ ಗೋಡೆಗೂ ಅದು ಬಾಯಿಪಾಠ!”

ಮೇಷ್ಟ್ರು ಉತ್ಸಾಹದಿಂದ ಹೇಳತೊಡಗಿದರು. ಆ ದ್ವೀಪ ಯಾರದೆಂದು ಸ್ವೀಡನ್, ಫಿನ್ಲೆಂಡ್ ಎರಡೂ ಹಟ ಹಿಡಿದಾಗ ಸಂಘ ಕೂತು ತೀರ್ಪು ಕೊಟ್ಟಿತು. ದ್ವೀಪ ಫಿನ್ಲೆಂಡಿಗೆ, ಅಲ್ಲಿನವರ ಭಾಷೆ ಅವರಿಗೇ. ಗ್ರೀಸಿನ ಸೈನ್ಯ ಬಲ್ಗೇರಿಯದೊಳಗೆ ನುಗ್ಗಿದಾಗ ನಿಲ್ಲಿ ಎಂದಿತು, ನಿಂತರು. ದೇಶ ಕಳೆದುಕೊಂಡ ನಿರಾಶ್ರಿತರಿಗೆ ಗಡಿ ದಾಟಲು ಒಂದು ಗುರುತಿನ ಪತ್ರವನ್ನೂ ಮಾಡಿಕೊಟ್ಟಿತು.

“ಬಟ್ ಅಜ್ಜ, ಇಟ್ ಫೇಲ್ಡ್, ರೈಟ್? ಅಮೆರಿಕಾ ನೆವರ್ ಈವನ್ ಜಾಯಿನ್ಡ್,” ಎಂದಳು ನಿಕಿತಾ.

“ಹೂಂ ಕಣಮ್ಮ. ಸಂಘ ಕಟ್ಟೋಣ ಅಂತ ಓಡಾಡಿದ್ದು ನಿಮ್ಮ ದೇಶ, ಸೇರದೆ ಉಳಿದಿದ್ದೂ ನಿಮ್ಮ ದೇಶ. ಮದುವೆಗೆ ಕರೆದೋರೇ ಊಟಕ್ಕೆ ಬರಲಿಲ್ಲ ಅನ್ನೋ ಹಾಗೆ. ಅದಕ್ಕಿಂತ ದೊಡ್ಡ ಕುತ್ತು ಇನ್ನೊಂದಿತ್ತು. ಮುಖ್ಯವಾದ ಯಾವ ತೀರ್ಮಾನಕ್ಕೂ ಎಲ್ಲರೂ ಒಪ್ಪಬೇಕು. ಜಪಾನು ಮಂಚೂರಿಯಾಕ್ಕೆ ನುಗ್ಗಿತು. ವಿಚಾರಣೆ ಮಾಡಿ ವರದಿ ಕೊಡೋ ಹೊತ್ತಿಗೆ ವರ್ಷ ಕಳೀತು.”

ಫೋನಿನಲ್ಲಿ ಮಂಜೂರ್ ಸಾಹೇಬರು ನಕ್ಕರು. “ಅಷ್ಟರಲ್ಲಿ ನುಂಗೋರು ನುಂಗಿ ಕೈ ತೊಳ್ಕೊಂಡಿದ್ರು. ಈಗ ನೋಡ್ರೀ, ಯುರೋಪಲ್ಲಿ ಬಾಂಬು ಬೀಳ್ತಿದೆ, ದೇಶದೇಶದೋರು ಕೂತು ಸಭೆ ಮಾಡ್ತಿದಾರೆ. ನಮ್ಮೂರ ಶಾಂತಿ ಸಮಿತಿ ಥರಾನೇ! ನಮ್ಮಣ್ಣನ ಸೈಕಲ್ ಶಾಪು ಉರೀತಾ ಇತ್ತು, ಅವರು ಒಳಗೆ ಕೂತು ಟೀ ಕುಡೀತಾ ಇದ್ರು.”

ಮೇಷ್ಟ್ರು ಫೋನ್ ಇಟ್ಟುಬಿಟ್ಟರು.

ಮುಂದಿನ ಮೂರು ಭಾನುವಾರವೂ ಸಾಹೇಬರ ಫೋನ್ ಬಂದಿತು. ಇವರು ಎತ್ತಲಿಲ್ಲ. ನಾಲ್ಕನೆಯ ಭಾನುವಾರ ಬರಲಿಲ್ಲ. ಮೇಷ್ಟ್ರು ದಿನವೂ ಕಡಲ ದಂಡೆಗೆ ಹೋಗಿ ಸ್ಯಾನ್ ಡಿಯಾಗೋ ಇರುವ ದಕ್ಷಿಣಕ್ಕೆ ಮುಖ ಮಾಡಿದ ಬೆಂಚಿನ ಮೇಲೆ ಕೂರುತ್ತಿದ್ದರು. ಹೇಳಿಕೊಳ್ಳಬೇಕೆನಿಸುವ ಸಣ್ಣಪುಟ್ಟ ಸುದ್ದಿಗಳು ಎದೆಯಲ್ಲಿ ರಾಶಿ ಬೀಳುತ್ತಿದ್ದವು. ಬೆಂಡೆಕಾಯಿ ಎಳೆಯದು ಸಿಕ್ಕಿದ್ದು, ಹಳೆಯ ಶಿಷ್ಯನೊಬ್ಬ ತಹಶೀಲ್ದಾರನಾದದ್ದು. ಹೇಳುವುದು ಯಾರಿಗೆ? ಮಗಳು “ಹೌದಾಪ್ಪಾ” ಎನ್ನುತ್ತಾಳೆ. ಆ ಹುಡುಗ ಯಾವ ಬೆಂಚಿನಲ್ಲಿ ಕೂರುತ್ತಿದ್ದನೆಂದು ಅವಳಿಗೆ ಗೊತ್ತಿಲ್ಲ.

ಅಕ್ಟೋಬರಿನಲ್ಲಿ ಸಾಹೇಬರ ಹೆಂಡತಿ ಅಖ್ತರಿ ಬೇಗಮ್ ನಿರುಪಮಾಳಿಗೆ ಫೋನ್ ಮಾಡಿದರು. “ನಮ್ಮೋರು ಏನು ತಪ್ಪು ಮಾತಾಡಿದ್ರಮ್ಮಾ? ಮೇಷ್ಟ್ರ ಮನಸ್ಸು ನೋಯಿಸಿಬಿಟ್ಟೆ ಅಂತ ಕೊರಗ್ತಾರೆ. ಭಾನುವಾರ ಆ ಫೋನ್ ಮುಂದಿಂದ ಏಳೋದೇ ಇಲ್ಲ.”

ಮಗಳು ಇದನ್ನು ಹೇಳಿದಾಗ ಮೇಷ್ಟ್ರ ಕಣ್ಣು ತುಂಬಿತು. ತಪ್ಪು ಯಾರದು, ಕೊರಗುವವರು ಯಾರು!

“ನಾಳೆ ಸ್ಯಾನ್ ಡಿಯಾಗೋಗೆ ಕರ್ಕೊಂಡು ಹೋಗ್ತೀಯಾ?” ಎಂದರು.

ಮರುದಿನ ಮಧ್ಯಾಹ್ನ ನಿರುಪಮಾ ಅವರನ್ನು ಅಲ್ಲಿ ಇಳಿಸಿದಳು. ಸಾಹೇಬರು ಬಾಗಿಲಿಗೇ ಓಡಿಬಂದರು. ಕೊನೆಯ ಸಲ ಕಂಡಾಗಿನಿಂದ ಮನುಷ್ಯ ಅರ್ಧ ಆಗಿದ್ದರು.

“ಬಂದ್ರಾ ಮೇಷ್ಟ್ರೇ! ನಾಲಿಗೆಗೆ ಎಲುಬಿಲ್ಲ ನೋಡ್ರಿ, ನಂದು ತಪ್ಪಾಯ್ತು. ನೀವು ಆ ಸಮಿತಿಗೆ ಕಾರ್ಯದರ್ಶಿ ಆಗಿದ್ರಿ ಅನ್ನೋದು ನೆನಪೇ ಬರಲಿಲ್ಲ.”

“ಮೊದಲು ನಾನು ಹೇಳೋದು ಕೇಳಿ,” ಎಂದು ಮೇಷ್ಟ್ರು ನಿಂತೇ ಹೇಳಿದರು.

ಮೂವತ್ತು ವರ್ಷದ ಹಿಂದಿನ ಮಾತು. ಊರಿನಲ್ಲಿ ಹಬ್ಬದ ಮೆರವಣಿಗೆಯ ದಾರಿಯ ಬಗ್ಗೆ ಜಗಳವೆದ್ದಿತ್ತು. ಸಾಹೇಬರು ಅಂದು ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗಿದ್ದರು. ಪೊಲೀಸ್ ಠಾಣೆಯಲ್ಲಿ ಶಾಂತಿ ಸಮಿತಿಯ ಸಭೆ, ಸದಸ್ಯರು ಹನ್ನೊಂದು. ಪೇಟೆಬೀದಿಗೆ ಪೊಲೀಸರನ್ನು ನಿಲ್ಲಿಸಬೇಕೆಂದು ಮೇಷ್ಟ್ರು ಠರಾವು ಬರೆದರು. ಹತ್ತು ಮಂದಿ ರುಜು ಹಾಕಿದರು. ಅಕ್ಕಿ ಗಿರಣಿಯ ಯಜಮಾನ ಒಬ್ಬ ಮಾತ್ರ ಊಟಕ್ಕೆ ಹೋಗಿದ್ದ.

“ಸಬ್ ಇನ್ಸ್‌ಪೆಕ್ಟರು, ‘ಮೇಷ್ಟ್ರೇ, ಈಗಲೇ ಕಳಿಸ್ಲಾ?’ ಅಂತ ಕೇಳಿದ್ರು ಸಾಹೇಬ್ರೇ. ನಾನೇ ತಡೆದೆ. ಒಬ್ಬರ ರುಜು ಬಿಟ್ಟರೆ ನಾಳೆ ‘ನನ್ನ ಕೇಳಲಿಲ್ಲ’ ಅಂತ ಅವರು ತಿರುಗಿ ಬೀಳ್ತಾರೆ, ಎಲ್ಲರೂ ಒಪ್ಪಲಿ ಅಂದೆ. ಮುಕ್ಕಾಲು ಗಂಟೆ ಕಾದ್ವಿ. ಅಷ್ಟರಲ್ಲಿ ಅಂಗಡಿ... ಎಲ್ಲರೂ ಒಪ್ಪೋ ತನಕ ಕಾದು ಸಂಘ ಕೆಟ್ಟಿತು ಅಂತ ವರ್ಷಾ ವರ್ಷಾ ಬೋರ್ಡ್ ಮೇಲೆ ಬರೆದೋನು ನಾನು. ಅವತ್ತು ನಾನೂ ಅದನ್ನೇ ಮಾಡಿದೆ.”

ಸಾಹೇಬರು ನಿಧಾನವಾಗಿ ಸೋಫಾದ ಮೇಲೆ ಕುಳಿತರು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಪೊಲೀಸರು ಯಾಕೆ ಬರಲಿಲ್ಲ ಅಂತ ಅಣ್ಣ ಸಾಯೋ ತನಕ ಕೇಳ್ತಿದ್ದ,” ಎಂದರು. “ನನಗೇನು ಗೊತ್ತು ಅಂತಿದ್ದೆ. ದಿನಾ ನನ್ನ ಪಕ್ಕದ ಕುರ್ಚೀಲಿ ಕೂತು ಡಬ್ಬಿ ಹಂಚ್ಕೊಂಡು ತಿಂತಿದ್ರಲ್ಲ ಮೇಷ್ಟ್ರೇ, ಒಂದು ದಿನ ಹೇಳಬಾರದಿತ್ತಾ?”

“ಹೇಳಿದ್ರೆ ಆ ಕುರ್ಚಿ ಹೋಗ್ತಿತ್ತು. ಅದಕ್ಕೇ ಹೇಳಲಿಲ್ಲ.”

ಸಾಹೇಬರು ಕಿಟಕಿಯ ಕಡೆ ತಿರುಗಿದರು. ಮೇಷ್ಟ್ರು ಹೊರಟುಹೋಗಬೇಕೋ ಇರಬೇಕೋ ತಿಳಿಯದೆ ನಿಂತೇ ಇದ್ದರು. ಆಗ ಅಖ್ತರಿ ಬೇಗಮ್ ಬಂದು, “ಕೂತ್ಕೊಳ್ಳಿ ಮೇಷ್ಟ್ರೇ, ಬಿಸಿಲಲ್ಲಿ ಬಂದಿದೀರಿ,” ಎಂದು ನೀರು ಕೊಟ್ಟರು.

“ಇದನ್ನ ನನಗೆ ಹೇಳಿದ್ರೆ ಸಾಲದು,” ಎಂದರು ಸಾಹೇಬರು ಕೊನೆಗೆ. “ಮೈಸೂರಲ್ಲಿ ಅಣ್ಣನ ಮಗ ಮುಜ್ತಬಾ ಇದಾನೆ. ಅವನಿಗೆ ಹೇಳಬೇಕು. ನೀವೇ.”

“ಹೇಳ್ತೀನಿ.”

“ಈಗ ಅಲ್ಲಿ ನಡುರಾತ್ರಿ. ಸಂಜೆ ಆರರ ತನಕ ಕಾಯಬೇಕು.”

ಕಾದರು. ಊಟವಾಯಿತು. ನಿರುಪಮಾ ಕರೆದೊಯ್ಯಲು ಬಂದವಳು ಕಾರಿನ ಬೀಗದ ಕೈಯನ್ನು ಚೀಲಕ್ಕೆ ಹಾಕಿ ಅಖ್ತರಿ ಬೇಗಮರೊಂದಿಗೆ ಒಳಗೆ ಕುಳಿತಳು. ಇಬ್ಬರು ಮುದುಕರು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ನಿಂಬೆಗಿಡದ ನೆರಳು ಗೋಡೆ ಹತ್ತುವುದನ್ನು ನೋಡುತ್ತ ಕುಳಿತರು. ಆರು ಗಂಟೆಗೆ ಸಾಹೇಬರೇ ನಂಬರು ಒತ್ತಿದರು. ಅತ್ತ ರಿಂಗಾಗತೊಡಗಿದಾಗ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟು, ತಮ್ಮ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು.