ಭಟ್ಟರ ಶಾಲು

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಗೆಳೆಯ ವಾಸಿಸುವ ಟವರ್‌ನಲ್ಲೊಂದು ಸಂಗೀತದ ಹಾಲ್ ಇದೆ. ಜುಲೈಯಲ್ಲಿ ನಾನು ಹೋದಾಗ ಅಲ್ಲಿ ಜನವಿರಲಿಲ್ಲ, ಪ್ರತಿ ಕುರ್ಚಿಯ ಮೇಲೂ ಮಡಚಿಟ್ಟ ಶಾಲು. ಟವರ್‌ನ ನಿವೃತ್ತರು ಬೇಸಿಗೆ ಕಳೆಯಲು ಊಟಿಯ ಸಂಗೀತ ಕಾಲೊನಿಗೆ ಹೋಗುವಾಗ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಜಾಗ ಹಿಡಿದು ಹೋಗುತ್ತಾರಂತೆ. ಎಸಿ ಮಾತ್ರ ಕೊರೆಯುತ್ತಿತ್ತು.

"ಬಂದ್ ಮಾಡಿದ್ರೆ ಮೃದಂಗಕ್ಕೆ ಬೂಷ್ಟು ಹಿಡೀತದೆ ಮಾರಾಯ್ರೆ," ಎಂದರು ಹಾಲ್ ನೋಡಿಕೊಳ್ಳುವ ಉಡುಪಿಯ ಫ್ರಾನ್ಸಿಸ್.

ಮುಂದಿನ ಸಾಲಿನ ಒಂದು ಶಾಲು ಮಾತ್ರ ಯಾರೋ ಹೊದ್ದು ಎದ್ದುಹೋದಂತೆ ಬಿಚ್ಚಿಕೊಂಡಿತ್ತು.

"ಅದು ಭಟ್ರದ್ದು. ಹೋದ ತಿಂಗಳು ಊಟಿಯಲ್ಲೇ ತೀರಿಕೊಂಡ್ರು. ನಾನು ದಿನಾ ಮಡಚಿಡ್ತೇನೆ, ಬೆಳಿಗ್ಗೆ ನೋಡಿದ್ರೆ ಹೀಗೆ."

ಫ್ರಾನ್ಸಿಸ್ ಹೋಗಿ ಎಸಿ ಆರಿಸಿದರು.

"ಮತ್ತೆ ಮೃದಂಗ?" ಎಂದೆ.

"ಹಾಳಾಗ್ಲಿ. ಅವರಿಗೆ ಚಳಿ ಆಗುದಿಲ್ವಾ?"